ಮನೆಯಿಂದ ಕೆಲಸ ಮಾಡುವವರ ಆರೋಗ್ಯ ಯಾರ ಜವಾಬ್ದಾರಿ?

ಹುಬ್ಬಳ್ಳಿಯ ವಿದ್ಯಾನಗರವಿರಲಿ, ಧಾರವಾಡದ ಮಾಳಮಡ್ಡಿಯಿರಲಿ, ಗದಗ-ಬೆಟಗೇರಿಯ ಯಾವುದೋ ಓಣಿಯಿರಲಿ, ಬೆಂಗಳೂರು, ಪುಣೆ ಅಥವಾ ಹೊರದೇಶದ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರು ಈಗ ಎಲ್ಲೆಲ್ಲೂ ಸಿಗುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರಲ್ಲಿ ಎಷ್ಟೋ ಜನ ಇಲ್ಲೇ ಉಳಿದುಬಿಟ್ಟರು. ಬಾಡಿಗೆ ಉಳಿಯಿತು. ಟ್ರಾಫಿಕ್ ತಪ್ಪಿತು. ವಯಸ್ಸಾದ ಅಪ್ಪ ಅವ್ವನ ಜೊತೆ ಇರುವುದಾಯಿತು, ಮಧ್ಯಾಹ್ನ ಬಿಸಿ ರೊಟ್ಟಿ ಸಿಕ್ಕಿತು. ಇವೆಲ್ಲ ನಿಜವಾದ ಲಾಭಗಳು, ಸಣ್ಣವಲ್ಲ.

ಆದರೆ ಎರಡು ಮೂರು ವರ್ಷ ಹೀಗೇ ದುಡಿದವರನ್ನು ಮಾತಾಡಿಸಿ ನೋಡಿ. ಕುತ್ತಿಗೆ ಹಿಡಿದುಕೊಂಡಿದೆ, ರಾತ್ರಿ ನಿದ್ದೆ ಬರುವುದಿಲ್ಲ, ತೂಕ ಜಾಸ್ತಿ ಆಗಿದೆ, ಯಾರಾದರೂ ಮನೆಗೆ ಬಂದರೆ ಮಾತಾಡಲೂ ಬೇಜಾರು. ಇದಕ್ಕೆ ಕಂಪನಿಯಿಂದ ಸಾಮಾನ್ಯವಾಗಿ ಬರುವ ಉತ್ತರ ಒಂದು ಇಮೇಲ್: ಯೋಗ ಮಾಡಿ, ನೀರು ಕುಡಿಯಿರಿ, ಧ್ಯಾನದ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತೊಂದರೆಯ ಬೇರು ಅಲ್ಲಿಲ್ಲ.

ನಾವು ಆಫೀಸಿಗೆ ಹೋಗುತ್ತಿದ್ದಾಗ ಆಫೀಸು ಸಂಬಳ ಕೊಡುವುದರ ಜೊತೆಗೆ ಇನ್ನೂ ಕೆಲವು ಕೆಲಸಗಳನ್ನು ಸದ್ದಿಲ್ಲದೆ ಮಾಡುತ್ತಿತ್ತು. ಸರಿಯಾದ ಕುರ್ಚಿ ಮೇಜು ಕೊಡುತ್ತಿತ್ತು. ಬಸ್ಸಿಗೆ, ಕ್ಯಾಂಟೀನಿಗೆ, ಮೀಟಿಂಗ್ ರೂಮಿಗೆ ಅಂತ ನಡೆಸುತ್ತಿತ್ತು. ಸಂಜೆ ಎಲ್ಲರೂ ಎದ್ದು ಹೊರಟಾಗ ‘ಇವತ್ತಿನ ಕೆಲಸ ಮುಗಿಯಿತು’ ಎಂದು ಹೇಳುತ್ತಿತ್ತು. ಮುಖ ಬಾಡಿದ್ದರೆ ಪಕ್ಕದ ಸೀಟಿನವರು ‘ಏನಾಯ್ತು’ ಎಂದು ಕೇಳುತ್ತಿದ್ದರು. ಆಫೀಸು ಬಿಟ್ಟಾಗ ಈ ಕೆಲಸಗಳೆಲ್ಲ ಯಾರ ಪಾಲಿಗೂ ಬರದೆ ಹೋದವು. ಕಾಯಿಲೆಗಳು ಹುಟ್ಟಿದ್ದು ಆ ಖಾಲಿ ಜಾಗದಲ್ಲಿ. ಆ ಕೆಲಸಗಳಲ್ಲಿ ಯಾವುದನ್ನು ಕಂಪನಿ ಹೊರಬೇಕು, ಯಾವುದನ್ನು ಮನೆಯವರು, ಯಾವುದನ್ನು ನಾವೇ ಎನ್ನುವುದು ತಿಳಿದರೆ ಅರ್ಧ ದಾರಿ ಸಾಗಿದಂತೆ.

ಕೂರುವ ಜಾಗ

ಲ್ಯಾಪ್‌ಟಾಪಿನ ರಚನೆಯಲ್ಲೇ ಒಂದು ತೊಡಕಿದೆ. ಅದರ ಪರದೆ ಮತ್ತು ಕೀಬೋರ್ಡ್ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಅನುಕೂಲವಾಗುವಂತೆ ಇಟ್ಟರೆ ಪರದೆ ತೀರಾ ಕೆಳಗಾಗುತ್ತದೆ, ಕುತ್ತಿಗೆ ಬಗ್ಗುತ್ತದೆ. ಕಣ್ಣಿಗೆ ಅನುಕೂಲವಾಗುವಷ್ಟು ಎತ್ತರಿಸಿದರೆ ಕೈಗಳು ಮೇಲೇರಿ ಭುಜ ಸೆಟೆದುಕೊಳ್ಳುತ್ತವೆ. ನಮ್ಮ ತಲೆಯ ತೂಕ ಸುಮಾರು 5 ಕೆಜಿ. ನೆಟ್ಟಗೆ ಕೂತಾಗ ಬೆನ್ನುಮೂಳೆ ಆ ಭಾರವನ್ನು ಸರಾಗವಾಗಿ ಹೊರುತ್ತದೆ. ತಲೆ ಮುಂದಕ್ಕೆ ಬಾಗಿದಷ್ಟೂ ಅದನ್ನು ಹಿಡಿದು ನಿಲ್ಲಿಸುವ ಕೆಲಸ ಕತ್ತಿನ ಹಿಂಭಾಗದ ಸ್ನಾಯುಗಳಿಗೆ ಬೀಳುತ್ತದೆ. ಗಂಟೆಗಟ್ಟಲೆ ಬಿಗಿ ಹಿಡಿದ ಸ್ನಾಯು ಸಂಜೆಗೆ ನೋಯದೆ ಇನ್ನೇನು?

ಈಗ ನಮ್ಮ ಮನೆಗಳನ್ನು ನೋಡಿ. ಕಾಟಿನ ಮೇಲೆ ದಿಂಬಿಗೆ ಒರಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡವರು ಒಂದು ಕಡೆ. ಮದುವೆ ಮುಂಜಿಗೆಂದು ತಂದಿಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಊಟದ ಟೇಬಲ್ಲಿನ ತುದಿಯಲ್ಲಿ ಜಾಗ ಮಾಡಿಕೊಂಡವರು ಇನ್ನೊಂದು ಕಡೆ. ಇವರಿಗೆ ‘ಬೆನ್ನು ನೆಟ್ಟಗಿಡಿ’ ಎಂದರೆ ಏನು ಉಪಯೋಗ? ನೆಟ್ಟಗಿಡಲು ಆಸರೆಯೇ ಇಲ್ಲವಲ್ಲ.

ಪರಿಹಾರ ಸರಳ. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲೋ ಸ್ಟ್ಯಾಂಡಿನ ಮೇಲೋ ಇಟ್ಟು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಬೇಕು. ಬೇರೆ ಕೀಬೋರ್ಡ್ ಮತ್ತು ಮೌಸ್ ಇಟ್ಟುಕೊಳ್ಳಬೇಕು. ಟೈಪ್ ಮಾಡುವಾಗ ಮೊಣಕೈ ಪಕ್ಕೆಗೆ ಹತ್ತಿರವಿದ್ದು ಹೆಚ್ಚುಕಡಿಮೆ 90 ಡಿಗ್ರಿ ಮಡಚಿರಬೇಕು. ಪಾದ ನೆಲ ಮುಟ್ಟಬೇಕು, ಮುಟ್ಟದಿದ್ದರೆ ಒಂದು ಮಣೆ ಹಾಕಿಕೊಳ್ಳಿ. ಸೊಂಟದ ಹಿಂದೆ ಟವೆಲ್ ಸುತ್ತಿ ಇಟ್ಟರೆ ಸಾಧಾರಣ ಕುರ್ಚಿಯೂ ಎಷ್ಟೋ ವಾಸಿ. ಕೀಬೋರ್ಡ್, ಮೌಸ್ ಎರಡೂ ಸೇರಿ ಒಂದೂವರೆ ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಈ ಖರ್ಚು ಕಂಪನಿಯದೇ ಆಗಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ, ಕುರ್ಚಿಯದೂ ಸೇರಿ. ಅವರ ಆಫೀಸಿನಲ್ಲಿದ್ದಿದ್ದರೆ ಕುರ್ಚಿಯ ದುಡ್ಡು ನಮ್ಮಿಂದ ವಸೂಲಿ ಮಾಡುತ್ತಿದ್ದರಾ? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರ ಫೆಬ್ರುವರಿಯಲ್ಲಿ ಮನೆಯಿಂದ ಮಾಡುವ ಕೆಲಸದ ಬಗ್ಗೆ ಜಂಟಿಯಾಗಿ ಮಾರ್ಗಸೂಚಿ ತಂದವು. ಕೆಲಸಕ್ಕೆ ತಕ್ಕ ಸಲಕರಣೆ ಒದಗಿಸುವುದನ್ನು ಅವೂ ಮಾಲೀಕರ ಕಡೆಯ ಜವಾಬ್ದಾರಿಯಾಗಿಯೇ ನೋಡುತ್ತವೆ.

ಒಳ್ಳೆಯ ಕುರ್ಚಿ ಬಂದ ಮೇಲೂ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲೇಬೇಕು. ಎಷ್ಟೇ ಚೆನ್ನಾಗಿ ಕೂತರೂ ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದು ದೇಹಕ್ಕೆ ಒಗ್ಗುವುದಿಲ್ಲ. ಕಣ್ಣಿನ ವಿಷಯದಲ್ಲೂ ಹಾಗೆಯೇ. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗುತ್ತದೆ, ಕಣ್ಣು ಒಣಗಿ ಉರಿಯುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ಏನನ್ನಾದರೂ 20 ಸೆಕೆಂಡು ನೋಡಿ ಎಂದು ಕಣ್ಣಿನ ಡಾಕ್ಟರುಗಳು ಹೇಳುತ್ತಾರೆ. ಎದುರುಮನೆಯ ಟೆರೇಸ್ ಸಾಕು. ಇಯರ್‌ಫೋನ್ ಹಾಕಿಕೊಂಡೇ ದಿನ ಕಳೆಯುವವರು ಒಂದು ಅಂಕಿ ನೆನಪಿಟ್ಟುಕೊಳ್ಳಿ. 80 ಡೆಸಿಬಲ್‌ನಷ್ಟು ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ಸದ್ದು ಅದಕ್ಕಿಂತ ಏರಿದರೆ ಗಂಟೆಗಳು ಬೇಗ ಬೇಗ ಇಳಿಯಬೇಕು.

ಇನ್ನು ಕರೆಂಟು. ಬೆಂಗಳೂರಿನ ಮ್ಯಾನೇಜರುಗಳಿಗೆ ಇದು ಅಷ್ಟಾಗಿ ಹೊಳೆಯುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಮೇಲ್ಮಹಡಿಯ ಕೋಣೆಯಲ್ಲಿ ಕೂತು, ಹೆಸ್ಕಾಂ ಕರೆಂಟು ಯಾವಾಗ ಹೋಗುತ್ತದೋ ಎಂದು ಕಾಯುತ್ತಾ ಕ್ಲೈಂಟಿಗೆ ಡೆಮೊ ಕೊಡುವುದಿದೆಯಲ್ಲ, ಆ ಆತಂಕವೂ ಆರೋಗ್ಯದ ಲೆಕ್ಕಕ್ಕೇ ಸೇರಬೇಕು. ರೂಟರಿಗೆ ಒಂದು ಸಣ್ಣ ಬ್ಯಾಟರಿ ಬ್ಯಾಕಪ್, ಮೊಬೈಲಿನಲ್ಲಿ ಇನ್ನೊಂದು ಕಂಪನಿಯ ಡೇಟಾ ಸಿಮ್. ಇಷ್ಟಿದ್ದರೆ ಮುಕ್ಕಾಲು ಪಾಲು ಆತಂಕ ಇಳಿಯುತ್ತದೆ. ಉಳಿದದ್ದು ಇಳಿಯುವುದು ಟೀಮಿನಲ್ಲಿ ಒಂದು ಮಾತು ಪಕ್ಕಾ ಆದಾಗ: ಲೈನ್ ಕಟ್ಟಾದರೆ ಯಾರೂ ಕ್ಷಮೆ ಕೇಳಬೇಕಾಗಿಲ್ಲ, ಮೀಟಿಂಗಿನ ಟಿಪ್ಪಣಿ ಆಮೇಲೆ ಕಳಿಸುತ್ತೇವೆ.

ದಿನ ಮುಗಿಯುವುದು ಯಾವಾಗ?

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಇದೇ. ಕುತ್ತಿಗೆ ನೋವಿಗೆ ಕೀಬೋರ್ಡ್ ತರಬಹುದು. ಮುಗಿಯದ ದಿನಕ್ಕೆ ಅಂಗಡಿಯಲ್ಲಿ ಏನೂ ಸಿಗುವುದಿಲ್ಲ.

ಹೊರದೇಶದ ಕೆಲಸವಾದರೆ ಗಡಿಯಾರವೇ ಬೇರೆ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಎಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಕ್ಯಾಲಿಫೋರ್ನಿಯಾದ 9 ಗಂಟೆ ನಮ್ಮ ರಾತ್ರಿ 9:30 ಅಥವಾ 10:30. ಬೆಳಿಗ್ಗೆ ಹತ್ತಕ್ಕೆ ಬೆಂಗಳೂರು ಟೀಮಿನ ಮೀಟಿಂಗು, ರಾತ್ರಿ ಹತ್ತಕ್ಕೆ ಅಮೆರಿಕದ ಕಾಲ್. ನಡುವಿನ ಹೊತ್ತು ಪೂರ್ತಿ ಕೆಲಸವೂ ಅಲ್ಲ, ಪೂರ್ತಿ ಬಿಡುವೂ ಅಲ್ಲ. ಫೋನ್ ಕೈಯಲ್ಲೇ ಇರುತ್ತದೆ.

ಇದರಿಂದ ದೇಹದೊಳಗೆ ಏನಾಗುತ್ತದೆ? ಕತ್ತಲಾದ ಮೇಲೆ ಮಿದುಳು ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡಲು ಶುರು ಮಾಡುತ್ತದೆ. ಮಲಗುವ ಹೊತ್ತಾಯಿತು ಎಂದು ದೇಹಕ್ಕೆ ತಿಳಿಸುವುದು ಅದೇ. ಪ್ರಖರ ಬೆಳಕು ಅದನ್ನು ತಡೆಯುತ್ತದೆ. ಅದರ ಮೇಲೆ, ಕಾಲ್‌ನಲ್ಲಿ ಚರ್ಚೆ ಬಿಸಿಯಾಗಿದ್ದರೆ ಮನಸ್ಸು ಎಚ್ಚರದಲ್ಲೇ ಇರುತ್ತದೆ. ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಕಣ್ಣು ಮುಚ್ಚುವುದಿಲ್ಲ. ಆಮೇಲೆ ಊಟ, ಆಮೇಲೆ ಸ್ವಲ್ಪ ಹೊತ್ತು ಮೊಬೈಲು, ಒಂದೂವರೆ ಗಂಟೆಗೆ ನಿದ್ದೆ. ಬೆಳಿಗ್ಗೆ ತಡವಾಗಿ ಏಳೋಣವೆಂದರೆ ನಮ್ಮ ಮನೆಗಳಲ್ಲಿ ಆಗುತ್ತದಾ? ಆರೂವರೆಗೆ ನಳದ ನೀರು ಬಂತು ಅಂತ ಗದ್ದಲ, ಏಳಕ್ಕೆ ಕುಕ್ಕರ್ ಸೀಟಿ, ಎಂಟಕ್ಕೆ ತರಕಾರಿ ಗಾಡಿ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಇಲ್ಲಿ ಐದೂವರೆ ಸಿಕ್ಕರೆ ಹೆಚ್ಚು.

ಹೆಚ್ಚು ಗಂಟೆ ದುಡಿಯುವುದರ ಪರಿಣಾಮಕ್ಕೆ ಲೆಕ್ಕವೂ ಇದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜಾಗತಿಕ ಮಟ್ಟದ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಬಡಿಯುವ ಅಪಾಯ ಅಂದಾಜು 35% ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಹೆಚ್ಚು. 2016ರ ಒಂದೇ ವರ್ಷದಲ್ಲಿ ಇದರಿಂದ ಸುಮಾರು 7.45 ಲಕ್ಷ ಸಾವುಗಳಾಗಿವೆ ಎಂದು ಅದು ಅಂದಾಜಿಸಿತು. 55 ಗಂಟೆ ಎಂದರೆ ವಾರಕ್ಕೆ ಐದು ದಿನ, ದಿನಕ್ಕೆ 11 ಗಂಟೆ. ಹತ್ತಕ್ಕೆ ಕೂತು, ರಾತ್ರಿ ಕಾಲ್ ಮುಗಿಸುವವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಲಿ.

ಕಾನೂನು ಏನು ಹೇಳುತ್ತದೆ? ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಅದರ ಪ್ರಕಾರ ಸಾಮಾನ್ಯ ಕೆಲಸದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮಿಗೆ ದುಪ್ಪಟ್ಟು ದರದ ಸಂಬಳ. ಆಡಳಿತ ಸ್ಥಾನದಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ. ಈ ಮಿತಿಯನ್ನು ಐಟಿ ವಲಯಕ್ಕೆ ಏರಿಸುವ ಪ್ರಸ್ತಾಪ 2024ರಲ್ಲಿ ಬಂದಾಗ ನೌಕರರ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಕೆಲಸದ ಹೊತ್ತು ಮುಗಿದ ಮೇಲೆ ಫೋನ್, ಮೆಸೇಜಿನಿಂದ ದೂರ ಇರುವ ಹಕ್ಕನ್ನು ಫ್ರಾನ್ಸ್ 2017ರಲ್ಲೇ ಕಾನೂನಿನಲ್ಲಿ ತಂದಿತು, ಆಸ್ಟ್ರೇಲಿಯಾ 2024ರಲ್ಲಿ. ಪೋರ್ಚುಗಲ್ ಇನ್ನೂ ಮುಂದೆ ಹೋಗಿ, ಆ ಹೊತ್ತಿನಲ್ಲಿ ನೌಕರರನ್ನು ಸಂಪರ್ಕಿಸದಿರುವುದು ಮಾಲೀಕರ ಕರ್ತವ್ಯ ಎಂದಿತು. ಈ ವ್ಯತ್ಯಾಸ ನನಗೆ ತುಂಬಾ ಮುಖ್ಯ ಅನಿಸುತ್ತದೆ. ‘ಬೇಕಾದರೆ ಫೋನ್ ಎತ್ತಬೇಡ’ ಎಂದು ಕಿರಿಯ ನೌಕರನಿಗೆ ಹೇಳಿದರೆ ಅವನು ಎತ್ತದೇ ಇರಲಾರ. ಫೋನೇ ಬರಬಾರದು.

ಹಾಗಾಗಿ ಮ್ಯಾನೇಜರ್ ಆದವರು ಮಾಡಬಹುದಾದ ಮೊದಲ ಕೆಲಸ: ರಾತ್ರಿ ನೆನಪಾದ ವಿಷಯವನ್ನು ಬರೆದಿಟ್ಟು, ಮೆಸೇಜ್ ಬೆಳಿಗ್ಗೆ ಹೋಗುವಂತೆ ಸಮಯ ಹಾಕಿಡುವುದು. ಈಗಿನ ಬಹುತೇಕ ಇಮೇಲ್‌ಗಳಲ್ಲಿ ಆ ಸೌಲಭ್ಯ ಇದೆ. ಎರಡನೆಯದು, ತಡರಾತ್ರಿಯ ಕಾಲ್‌ಗಳನ್ನು ವಾರದ ಐದೂ ದಿನ ಚೆಲ್ಲದೆ ಎರಡು ನಿಗದಿತ ದಿನಗಳಿಗೆ ಒಟ್ಟು ಮಾಡುವುದು. ಆ ಮರುದಿನ ಬೆಳಿಗ್ಗೆ ಮೀಟಿಂಗ್ ಇಡಲೇಬಾರದು. ಉಳಿದ ಮೂರು ರಾತ್ರಿ ಮನೆಯವರ ಜೊತೆ ಉಂಡು ಒಂದೇ ಹೊತ್ತಿಗೆ ಮಲಗಿದರೂ ದೇಹಕ್ಕೆ ಒಂದು ಲಯ ಸಿಗುತ್ತದೆ.

ನಮ್ಮ ಕೈಯಲ್ಲೂ ಒಂದಿದೆ. ಎದ್ದ ಮೇಲೆ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿ ನಡೆಯುವುದು. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿಪಡಿಸುತ್ತದೆ, ರಾತ್ರಿ ನಿದ್ದೆ ಬೇಗ ಬರಲು ನೆರವಾಗುತ್ತದೆ. ಆಫೀಸು ಇದ್ದಾಗ ಚಿಗರಿ ಬಸ್ಸಿನ ಸ್ಟಾಪಿಗೆ ನಡೆಯುವಾಗಲೇ ಇದು ನಡೆದುಹೋಗುತ್ತಿತ್ತು. ಈಗ ಬೇಕೆಂದೇ ಹೊರಡಬೇಕು. ಉಣಕಲ್ ಕೆರೆ, ನೃಪತುಂಗ ಬೆಟ್ಟ, ಸಾಧನಕೇರಿ, ಗದಗದ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ ಕೆರೆ, ಜಾಗಕ್ಕೇನೂ ಬರವಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಐದು ದಿನ, ಅರ್ಧರ್ಧ ಗಂಟೆ.

ವಿಡಿಯೋ ಮೀಟಿಂಗಿನ ದಣಿವು

ಕೂತಲ್ಲೇ ಕೂತು ನಾಲ್ಕು ಮೀಟಿಂಗ್ ಮುಗಿಸಿದರೆ ಮೈ ಮುರಿದಂತೆ ಯಾಕಾಗುತ್ತದೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆರೆಮಿ ಬೈಲೆನ್‌ಸನ್ 2021ರಲ್ಲಿ ನಾಲ್ಕು ಕಾರಣ ಮುಂದಿಟ್ಟರು. ಪರದೆಯ ತುಂಬ ದೊಡ್ಡ ಮುಖಗಳು ಹತ್ತಿರದಿಂದ ದಿಟ್ಟಿಸುತ್ತವೆ. ನಮ್ಮ ಮುಖ ನಮಗೇ ಸದಾ ಕಾಣುತ್ತಿರುತ್ತದೆ. ಕ್ಯಾಮೆರಾದ ಚೌಕಟ್ಟು ಬಿಟ್ಟು ಅಲ್ಲಾಡುವಂತಿಲ್ಲ. ಎದುರಿಗಿದ್ದಾಗ ತಾನಾಗಿಯೇ ತಿಳಿಯುವ ಕೈಸನ್ನೆ ಕಣ್ಸನ್ನೆಗಳನ್ನು ಇಲ್ಲಿ ಕಷ್ಟಪಟ್ಟು ಗುರುತಿಸಬೇಕು. ನಮ್ಮ ಮುಖ ನಮಗೆ ಕಾಣದಂತೆ ಮಾಡುವ ಆಯ್ಕೆ ಎಲ್ಲ ಆ್ಯಪ್‌ಗಳಲ್ಲೂ ಹೆಚ್ಚುಕಡಿಮೆ ಇದ್ದೇ ಇದೆ, ಅದನ್ನು ಬಳಸಿ. ಇಬ್ಬರೇ ಮಾತಾಡುವ ಕಾಲ್ ಆದರೆ ವಿಡಿಯೋ ಯಾಕೆ? ಫೋನ್ ಕಿವಿಗಿಟ್ಟು ಅಂಗಳದಲ್ಲಿ ಓಡಾಡುತ್ತಾ ಮಾತಾಡಿ.

ಮನೆಯವರಿಗೂ ಒಂದು ಪಾಲಿದೆ

“ಹೆಂಗಿದ್ರೂ ಮನ್ಯಾಗ ಇರ್ತಿ, ಸಿಲಿಂಡರ್ ಬಂದ್ರ ಇಸಗೋ.” “ತಮ್ಮಾ, ಕಾಕಾನ್ನ ಸ್ಟೇಷನ್ನಿಗೆ ಬಿಟ್ಟು ಬಾ, ಹತ್ತ ನಿಮಿಷದ ಕೆಲಸ.” ಈ ಮಾತು ಕೇಳದ ಮನೆ ನಮ್ಮ ಕಡೆ ಇಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ. ಮೈ ದಣಿಯುವ ಕೆಲಸವನ್ನಷ್ಟೇ ಕೆಲಸ ಎಂದು ನೋಡಿ ಬೆಳೆದ ಹಿರಿಯರಿಗೆ ಕೋಣೆಯಲ್ಲಿ ಕೂತು ಕೀ ಒತ್ತುವುದು ಬಿಡುವಿನಂತೆ ಕಂಡರೆ ಅವರ ತಪ್ಪಲ್ಲ. ಆದರೆ ಆ ಹತ್ತು ನಿಮಿಷಗಳ ಸಾಲ ರಾತ್ರಿ ತೀರಿಸಬೇಕಾಗುತ್ತದೆ.

ಸೊಸೆಯರಿಗೆ ಇದರ ಬಿಸಿ ಹೆಚ್ಚು. ಗದಗದ ಒಂದು ಮನೆಯಲ್ಲಿ ನಾನು ಕಂಡದ್ದು: ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್, ಒಂದು ಕಿವಿಯಲ್ಲಿ ಇಯರ್‌ಫೋನ್, ಮೈಕ್ ಮ್ಯೂಟ್, ಕೈಯಲ್ಲಿ ಹಿಟ್ಟು. ಹೆಸರು ಕರೆದ ಕೂಡಲೇ ಕೈ ಒರೆಸಿ ಮ್ಯೂಟ್ ತೆಗೆದು ಉತ್ತರಿಸಿದರು, ಮತ್ತೆ ರೊಟ್ಟಿ ಬಡಿಯಲು ನಿಂತರು. ಹೊರಗಿನಿಂದ ನೋಡಿದವರು ‘ಎರಡೂ ಎಷ್ಟು ಚಂದ ನಿಭಾಯಿಸ್ತಾಳ’ ಎಂದು ಹೊಗಳುತ್ತಾರೆ. ಹೊಗಳುವ ಬದಲು ರೊಟ್ಟಿ ಬೇರೆಯವರು ಮಾಡಬೇಕು, ಇಲ್ಲವೇ ಖಾನಾವಳಿಯಿಂದ ತರಿಸಬೇಕು.

ಮನೆಯಲ್ಲಿ ಒಮ್ಮೆ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಯಾವ ಹೊತ್ತು ಕೆಲಸ, ಯಾವ ಹೊತ್ತು ಬಿಡುವು, ಬಾಗಿಲು ಹಾಕಿದ್ದರೆ ಏನರ್ಥ. ಬಾಗಿಲಿರುವ ಕೋಣೆಯೇ ಇಲ್ಲವೆಂದರೆ ಒಂದು ಮೂಲೆಯನ್ನಾದರೂ ಕೆಲಸಕ್ಕೆಂದು ಗೊತ್ತುಮಾಡಿ. ಕೆಲಸ ಮುಗಿದ ಕೂಡಲೇ ಲ್ಯಾಪ್‌ಟಾಪ್ ಚೀಲಕ್ಕೆ ಸೇರಿ ಕಪಾಟಿಗೆ ಹೋಗಲಿ. ಕಣ್ಣ ಮುಂದೆ ತೆರೆದಿದ್ದರೆ ‘ಇದೊಂದು ಮೇಲ್ ನೋಡಿಬಿಡೋಣ’ ಅನಿಸುತ್ತಲೇ ಇರುತ್ತದೆ.

ಕಾನೂನಿನ ಎರಡು ಸಂಗತಿ ಹೆಣ್ಣುಮಕ್ಕಳಿಗೆ ಗೊತ್ತಿರಲಿ. ಹೆರಿಗೆ ಸೌಲಭ್ಯದ ಕಾನೂನಿನಂತೆ 26 ವಾರಗಳ ರಜೆ ಮುಗಿದ ಮೇಲೂ, ಕೆಲಸದ ಸ್ವರೂಪ ಒಗ್ಗುವಂತಿದ್ದರೆ, ಮಾಲೀಕರ ಜೊತೆ ಒಪ್ಪಂದ ಮಾಡಿಕೊಂಡು ಮನೆಯಿಂದ ಕೆಲಸ ಮುಂದುವರಿಸಬಹುದು. ಇನ್ನೊಂದು, ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ‘ಕೆಲಸದ ಸ್ಥಳ’ ಎಂಬುದರ ವ್ಯಾಪ್ತಿಯೊಳಗೆ ವಾಸದ ಮನೆಯೂ ಬರುತ್ತದೆ. ವಿಡಿಯೋ ಕಾಲ್‌ನಲ್ಲೋ ಚಾಟಿನಲ್ಲೋ ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ ‘ಆಫೀಸಿನಲ್ಲಿ ಆದದ್ದಲ್ಲವಲ್ಲ’ ಎಂದು ಸುಮ್ಮನಿರಬೇಕಾಗಿಲ್ಲ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕಂಪನಿಯ ಆಂತರಿಕ ಸಮಿತಿಗೆ ದೂರು ಕೊಡಿ. ಹತ್ತಕ್ಕಿಂತ ಕಡಿಮೆ ನೌಕರರಿರುವ ಕಂಪನಿಯಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇರುತ್ತದೆ.

ಒಂಟಿತನ

ಮನೆ ತುಂಬ ಜನರಿದ್ದಾಗ ಒಂಟಿತನ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಮನೆಯವರ ಪ್ರೀತಿ ಒಂದು ಬಗೆಯದು. ನಮ್ಮ ಕೆಲಸದ ಕಷ್ಟ ಸುಖ ಬಲ್ಲವರ ಜೊತೆಗಿನ ಮಾತು ಬೇರೆ ಬಗೆಯದು. ಮೊದಲನೆಯದು ಎಷ್ಟಿದ್ದರೂ ಎರಡನೆಯದರ ಕೊರತೆ ನೀಗುವುದಿಲ್ಲ.

ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಒಂಬತ್ತು ತಿಂಗಳ ಪ್ರಯೋಗ ಮಾಡಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕಾಲ್ ಸೆಂಟರಿನ ನೌಕರರಲ್ಲಿ ಮನೆಯಿಂದ ಕೆಲಸ ಮಾಡಲು ಮುಂದೆ ಬಂದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ವಾರಕ್ಕೆ ನಾಲ್ಕು ದಿನ ಮನೆಯಲ್ಲೇ ಕೂರಿಸಿದರು. ಅವರ ಕೆಲಸ 13% ಹೆಚ್ಚಾಯಿತು, ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ಕಂಪನಿಗೆ ಖುಷಿಯೋ ಖುಷಿ. ಆದರೆ ಕೊನೆಗೆ ‘ಮನೆಯೋ ಆಫೀಸೋ ನೀವೇ ಆರಿಸಿಕೊಳ್ಳಿ’ ಎಂದಾಗ ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಆಫೀಸಿಗೆ ಮರಳಿದರು. ಅವರು ಕೊಟ್ಟ ದೊಡ್ಡ ಕಾರಣ ಒಂಟಿತನ. ಇನ್ನೊಂದು ಸಂಗತಿಯೂ ಕಂಡಿತು: ಅಷ್ಟೇ ಚೆನ್ನಾಗಿ ದುಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವುದು ಕಡಿಮೆ. ಕಣ್ಣಿಗೆ ಬೀಳದವರು ನೆನಪಿಗೂ ಬರುವುದಿಲ್ಲ ಅಲ್ವಾ? ‘ನನ್ನನ್ನು ಮರೆತಿದ್ದಾರಾ’ ಎಂಬ ಕೊರಗು ಎಷ್ಟೋ ಜನರ ನಿದ್ದೆ ಕೆಡಿಸುವುದು ಇದಕ್ಕೇ. ಅದು ಬರೀ ಅನುಮಾನವಲ್ಲ.

ಅದೇ ಕಂಪನಿಯಲ್ಲಿ, ಆಗ ಅದರ ಹೆಸರು ಟ್ರಿಪ್ ಡಾಟ್ ಕಾಮ್, ಮಾಡಿದ ಇನ್ನೊಂದು ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಈ ಸಲ 1,612 ನೌಕರರು. ಅವರಲ್ಲಿ ಒಂದು ಗುಂಪಿಗೆ ವಾರಕ್ಕೆ ಎರಡೇ ದಿನ ಮನೆಯಿಂದ, ಉಳಿದ ಮೂರು ದಿನ ಆಫೀಸು. ಆ ಗುಂಪಿನಲ್ಲಿ ಕೆಲಸ ಬಿಡುವವರು ಮೂರನೇ ಒಂದು ಭಾಗ ಕಡಿಮೆಯಾದರು, ಬಡ್ತಿಗೂ ಪೆಟ್ಟು ಬೀಳಲಿಲ್ಲ. ಗದಗದಲ್ಲಿ ಕೂತು ಬೆಂಗಳೂರಿಗೆ ದುಡಿಯುವವರಿಗೆ ವಾರಕ್ಕೆ ಮೂರು ದಿನ ಆಫೀಸು ಆಗದ ಮಾತು. ಆದರೆ ಈ ಎರಡನ್ನೂ ಪಕ್ಕ ಪಕ್ಕ ಇಟ್ಟರೆ, ಆಗಾಗ ಮುಖತಃ ಸೇರುವುದು ಎಷ್ಟು ಮುಖ್ಯ ಎನ್ನುವುದು ಅರ್ಥವಾಗುತ್ತದೆ.

ದೂರದಿಂದ ನೋಡುವ ಮ್ಯಾನೇಜರಿಗೆ ಬಾಡಿದ ಮುಖ ಕಾಣುವುದಿಲ್ಲ, ಬೇರೆ ಗುರುತುಗಳು ಕಾಣುತ್ತವೆ. ಹರಟುತ್ತಿದ್ದವರು ಚಾಟಿನಲ್ಲಿ ಮೌನವಾಗುತ್ತಾರೆ. ಸದಾ ಕ್ಯಾಮೆರಾ ಹಾಕುತ್ತಿದ್ದವರು ಹಾಕುವುದಿಲ್ಲ. ರಾತ್ರಿ ಎರಡಕ್ಕೆ ಮೇಲ್ ಬರತೊಡಗುತ್ತದೆ, ಸಣ್ಣ ತಪ್ಪುಗಳು ಹೆಚ್ಚುತ್ತವೆ. ಆಗ ಮಾಡಬೇಕಾದ್ದು ಒಂದು ಫೋನ್, ಕೆಲಸದ ಮಾತಿಲ್ಲದ ಫೋನ್. ‘ಎಲ್ಲ ಆರಾಮ ಅಲ್ವಾ’ ಎಂದರೆ ‘ಹೂಂ, ಆರಾಮ’ ಎನ್ನುವುದಷ್ಟೇ ಉತ್ತರ. ‘ಈ ವಾರ ಯಾವ ಕೆಲಸ ಜಾಸ್ತಿ ಭಾರ ಅನಿಸಿತು, ಅದರಲ್ಲಿ ಯಾವುದನ್ನು ನಾನು ತೆಗೆದುಕೊಳ್ಳಲಿ’ ಎಂದರೆ ಮಾತು ತೆರೆಯುತ್ತದೆ. ಮೌಸ್ ಎಷ್ಟು ಸಲ ಅಲುಗಿತು ಎಂದು ಎಣಿಸುವ ಸಾಫ್ಟ್‌ವೇರ್ ಹಾಕಿ ಕೂತ ಕಂಪನಿಗೆ ಇಂಥ ಉತ್ತರ ಎಂದೂ ಸಿಗುವುದಿಲ್ಲ. ನಂಬಿಕೆ ಇಲ್ಲದ ಕಡೆ ಯಾರೂ ನೋವು ಹೇಳಿಕೊಳ್ಳುವುದಿಲ್ಲ.

ಎರಡು ವಾರ ಕಳೆದರೂ ಮನಸ್ಸು ಏಳುತ್ತಿಲ್ಲ, ಇಷ್ಟದ ಕೆಲಸಗಳೂ ಬೇಡ ಅನಿಸುತ್ತಿದೆ, ನಿದ್ದೆ ಊಟ ಕೆಟ್ಟಿದೆ ಎಂದಾದರೆ ಡಾಕ್ಟರನ್ನು ಕಾಣಲೇಬೇಕು. ಬದುಕೇ ಬೇಡ ಎಂಬ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೇರವಾಗಿ ಹೋಗುವುದಾದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಲ್ಲಿಗೆ ಹೋದರೆ ಜನ ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ ನಮ್ಮ ಭಾಗದಲ್ಲಿ ಇನ್ನೂ ಇದೆ. ನಿದ್ದೆಗೆಡಿಸುವ ಆತಂಕಕ್ಕೆ ಔಷಧಿ ತರಲು ಹೋಗುವುದು ಸಕ್ಕರೆ ಕಾಯಿಲೆಗೆ ಹೋದಷ್ಟೇ ಸಹಜ ಎಂದು ಮನೆಯ ಹಿರಿಯರೊಬ್ಬರು ಜೋರಾಗಿ ಹೇಳಿದರೂ ಅರ್ಧ ಅಂಜಿಕೆ ಕಳೆಯುತ್ತದೆ. ವಿಮೆಯ ವಿಷಯದಲ್ಲೂ, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಇರುವ ನೆಲೆಯಲ್ಲೇ ಮನಸ್ಸಿನ ಕಾಯಿಲೆಗೂ ವಿಮಾ ಕಂಪನಿಗಳು ಸೌಲಭ್ಯ ಕೊಡಬೇಕು.

ಅದರ ಜೊತೆ ಇನ್ನೊಂದನ್ನು ಈಗಲೇ ನೋಡಿಟ್ಟುಕೊಳ್ಳಿ. ಕಂಪನಿ ಕೊಟ್ಟ ವಿಮೆಯಲ್ಲಿ ಮುಂಗಡ ಹಣವಿಲ್ಲದೆ ಚಿಕಿತ್ಸೆ ಸಿಗುವ ಆಸ್ಪತ್ರೆಗಳ ಪಟ್ಟಿಯಲ್ಲಿ ಹುಬ್ಬಳ್ಳಿ, ಗದಗ, ಹಾವೇರಿಯ ಆಸ್ಪತ್ರೆಗಳಿವೆಯಾ? ಬೆಂಗಳೂರಿನವಷ್ಟೇ ಇದ್ದರೆ ಎಚ್‌ಆರ್‌ಗೆ ಬರೆದು ಕೇಳಿ. ಬೆಂಗಳೂರಿನ ಜಿಮ್ಮಿನ ರಿಯಾಯಿತಿ ಕೂಪನ್ ಹಾನಗಲ್ಲಿನಲ್ಲಿ ಕೂತವರಿಗೆ ಬೇಕಿಲ್ಲ. ಅದೇ ದುಡ್ಡಿನಲ್ಲಿ ವರ್ಷಕ್ಕೊಮ್ಮೆ ಇಲ್ಲಿಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ, ಕಣ್ಣಿನ ಪರೀಕ್ಷೆ ಮಾಡಿಸಲಿ.

ಮತ್ತೆ, ಕಂಪನಿ ಈ ಕಡೆಯ ತನ್ನ ನೌಕರರನ್ನು ತಿಂಗಳಿಗೊಮ್ಮೆ ಹುಬ್ಬಳ್ಳಿಯಲ್ಲಿ ಸೇರಿಸಲಿ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿರುವ ಒಂದೇ ಕಂಪನಿಯ ಐದಾರು ಜನರಿಗೆ ದಿನದ ಬಾಡಿಗೆಗೆ ಒಂದು ಕೋಣೆ ಸಾಕು. ಗದಗದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಬೆಳಿಗ್ಗೆ ಒಟ್ಟಿಗೆ ಕೂತು ಸಿಕ್ಕಿಹಾಕಿಕೊಂಡ ಕೆಲಸ ಬಿಡಿಸುವುದು, ಮಧ್ಯಾಹ್ನ ಖಾನಾವಳಿ ಊಟ, ನಾಲ್ಕಕ್ಕೆ ಗಿರ್ಮಿಟ್ ಮಿರ್ಚಿ ತಿನ್ನುತ್ತಾ ಹರಟೆ. ಆ ದಿನದ ಟಿಕೆಟ್ ಖರ್ಚು ಕಂಪನಿಯದಾಗಬೇಕು. ಹೋಗಿ ಬರುವ ಹೊತ್ತನ್ನೂ ಕೆಲಸದ ಹೊತ್ತೆಂದೇ ಲೆಕ್ಕ ಹಿಡಿಯಬೇಕು. ಇಲ್ಲದಿದ್ದರೆ ಎರಡನೇ ತಿಂಗಳಿಗೆ ಯಾರೂ ಬರುವುದಿಲ್ಲ.